ನಾಲ್ಕು ಗೋಪುರ, ಐದು ದಿನ, ಕಂಡಕ್ಟರ್ ಮಾವ

ನಾಲ್ಕು ದಿನದ ರಜೆ ಉಳಿದಿತ್ತು. ವರ್ಷ ಮುಗಿಯುವುದರೊಳಗೆ ತಗೊಳ್ಳದಿದ್ದರೆ ಹೋದ ಹಾಗೆಯೇ. ಆಫೀಸಿನಲ್ಲಿ ಎಲ್ಲರೂ ಚಿಕ್ಕಮಗಳೂರು, ಕೊಡಗು ಅಂತ ಹೋಂಸ್ಟೇ ಹುಡುಕುತ್ತಿದ್ದರು. ನನ್ನ ಕೈಯಲ್ಲಿ ಮಾತ್ರ ಒಂದು ಲ್ಯಾಬ್ ರಿಪೋರ್ಟ್ ಇತ್ತು. ಎಚ್‌ಬಿಎ1ಸಿ, ಅಂದರೆ ರಕ್ತದಲ್ಲಿನ ಸಕ್ಕರೆಯ ಮೂರು ತಿಂಗಳ ಸರಾಸರಿ ಲೆಕ್ಕ, 6.1. "ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಹೊಸ್ತಿಲ ಮೇಲೆ ನಿಂತಿದ್ದೀರಿ" ಅಂದರು ಡಾಕ್ಟರು. 5.7ರಿಂದ 6.4ರವರೆಗೆ ಆ ಹೊಸ್ತಿಲು. ಮಾತ್ರೆ ಬರೆಯಲಿಲ್ಲ. ಚೀಟಿಯಲ್ಲಿ ಒಂದೇ ಸಾಲು: ವಾರಕ್ಕೆ 150 ನಿಮಿಷ ಬಿರುಸು ನಡಿಗೆ.

ಅದೇ ಹೊತ್ತಿಗೆ ಮಾವ ಬಂದರು. ಅಮ್ಮನ ತಮ್ಮ. 68 ವರ್ಷ. ಈಗ ತುಮಕೂರು ಕಡೆ ಊರಲ್ಲಿ ತೋಟ ನೋಡಿಕೊಂಡಿದ್ದಾರೆ. ಅದಕ್ಕೆ ಮುಂಚೆ 38 ವರ್ಷ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಕೆಲಸಕ್ಕೆ ಸೇರಿದಾಗ ಅದು ಬಿಟಿಎಸ್. 1997ರಲ್ಲಿ ಬಿಎಂಟಿಸಿ ಆಯಿತು. ಮಾವನ ಬಾಯಲ್ಲಿ ಇವತ್ತಿಗೂ ಬಿಟಿಎಸ್ಸೇ. ಪ್ರತಿ ವರ್ಷ ಕಾರ್ತಿಕದ ಕೊನೆಯಲ್ಲಿ ಕಡಲೆಕಾಯಿ ಪರಿಷೆಗೆ ಅಂತ ನಮ್ಮ ಮನೆಗೆ ಬರುತ್ತಾರೆ.

ರಿಪೋರ್ಟ್ ನೋಡಿ ಕೇಳಿದರು. "ಕೆಂಪೇಗೌಡರ ಗೋಪುರ ನಾಲ್ಕಿದಾವಲ್ಲ, ನೋಡಿದ್ದೀಯೇನಮ್ಮ?"

ಲಾಲ್‌ಬಾಗಿನದು ನೋಡಿದ್ದೀನಿ ಅಂದೆ.

"ನಾನು ನಾಲ್ಕರ ಪಕ್ಕದಲ್ಲೂ ಸಾವಿರ ಸಲ ಹೋಗಿದ್ದೀನಿ. ಒಂದನ್ನೂ ಇಳಿದು ನೋಡಿಲ್ಲ. ಡ್ಯೂಟಿ ನೋಡು. ಈಗ ನಿಂಗೂ ರಜೆ, ನಂಗೂ ರಜೆ."

ಕೆಂಪೇಗೌಡರು ಊರು ಕಟ್ಟಿದ್ದು 1537ರಲ್ಲಿ. ಗೋಪುರಗಳನ್ನೂ ಅವರೇ ಕಟ್ಟಿಸಿದ್ದು ಅಂತ ಕೆಲವರು, ಇಲ್ಲ, ಅವರ ನಂತರದ ಕೆಂಪೇಗೌಡರು ಅಂತ ಕೆಲವರು. ದಕ್ಷಿಣಕ್ಕೆ ಲಾಲ್‌ಬಾಗ್ ಬಂಡೆ, ಪಶ್ಚಿಮಕ್ಕೆ ಕೆಂಪಾಂಬುಧಿ ಕೆರೆ, ಉತ್ತರಕ್ಕೆ ಮೇಖ್ರಿ ಸರ್ಕಲ್, ಪೂರ್ವಕ್ಕೆ ಹಲಸೂರು ಕೆರೆ. ಊರು ಇಲ್ಲಿಯವರೆಗೆ ಬೆಳೆಯುತ್ತದೆ ಅಂತ ಗುರುತು ಹಾಕಿಟ್ಟರು ಅನ್ನುವುದು ಎಲ್ಲರೂ ಹೇಳುವ ಕಥೆ. ಆ ಗುರುತಿನೊಳಗೇ ಓಡಾಡಿಕೊಂಡಿರೋಣ ಅಂತ ನಿರ್ಧಾರವಾಯಿತು. ಹೊರಡುವ ಜಾಗಕ್ಕೆ ಮೆಟ್ರೋ ಅಥವಾ ಬಸ್ಸು. ಅಲ್ಲಿಂದ ಆಚೆ ಕಾಲು. ಆಟೋ ಇಲ್ಲ.

ಮಾವನ ಅಳತೆ ಕಿಲೋಮೀಟರ್ ಅಲ್ಲ, ಸ್ಟೇಜ್. ಬಸ್ ಟಿಕೆಟ್ ಲೆಕ್ಕದ ಸ್ಟೇಜ್, ಸುಮಾರು 2 ಕಿಲೋಮೀಟರ್. ಐದು ದಿನ ನಾನೂ ಅದಕ್ಕೇ ಒಗ್ಗಿಕೊಂಡೆ.

ಮೊದಲ ದಿನ, ಭಾನುವಾರ

ಶುರುವಿಗೆ ಗೋಪುರ ಬೇಡ, ಸುಮ್ನೆ ಕಾಲು ಬಿಡಿಸಿಕೊಳ್ಳೋಣ ಅಂತ ಕಬ್ಬನ್ ಪಾರ್ಕ್‌ಗೆ ಹೊರಟೆವು. ಜಯನಗರದಿಂದ ಹಸಿರು ಲೈನ್, ಮೆಜೆಸ್ಟಿಕ್‌ನಲ್ಲಿ ಬದಲಿಸಿ ನೇರಳೆ ಲೈನ್. ಮೆಜೆಸ್ಟಿಕ್‌ನಲ್ಲಿ ಎಸ್ಕಲೇಟರ್ ಇಳಿಯುವಾಗ ಹೇಳಿದೆ, "ಮಾವ, ಮೇಲಿರೋ ಬಸ್‌ಸ್ಟ್ಯಾಂಡ್ ಮುಂಚೆ ಧರ್ಮಾಂಬುಧಿ ಕೆರೆ."

"ಗೊತ್ತು. 38 ವರ್ಷ ಕೆರೆ ಒಳಗೆ ನಿಂತ್ಕೊಂಡು ಸೀಟಿ ಊದಿದ್ದೀನಿ. ಮಳೆ ಬಂದ್ರೆ ಕೆರೆಗೆ ತನ್ನ ಜಾಗ ನೆನಪಾಗೋದು. ಪ್ಯಾಂಟ್ ಮಡಚಿಕೊಂಡು ಟಿಕೆಟ್ ಹರೀತಿದ್ವಿ."

ಭಾನುವಾರ ಕಬ್ಬನ್ ಪಾರ್ಕ್ ಒಳಗೆ ವಾಹನ ಬಿಡುವುದಿಲ್ಲ. ರಸ್ತೆ ಪೂರ್ತಿ ನಡೆಯುವವರದ್ದು, ಓಡುವವರದ್ದು, ನಾಯಿಗಳದ್ದು. ಬೇರೆ ದಿನ ಕಾರು ನಿಲ್ಲುವ ಕಡೆ ಮಕ್ಕಳು ಸ್ಕೇಟಿಂಗ್ ಮಾಡುತ್ತಿದ್ದರು. ಬಿದಿರು ಮೆಳೆಯ ಪಕ್ಕ ಯಾರೋ ಪುಸ್ತಕ ಹಿಡಿದು ಕೂತಿದ್ದರು. ಮ್ಯಾರಥಾನ್‌ಗೆ ತಯಾರಾಗುವ ಗುಂಪೊಂದು ಒಂದೇ ಬಣ್ಣದ ಟೀ ಶರ್ಟ್‌ನಲ್ಲಿ ಸರ‍್ರನೆ ಹೋಯಿತು. "ಎಕ್ಸ್‌ಪ್ರೆಸ್. ಸ್ಟಾಪ್ ಇಲ್ಲ" ಅಂದರು ಮಾವ.

ಬಿರುಸು ನಡಿಗೆ ಅಂದರೆ ಎಷ್ಟು ಬಿರುಸು? ಡಾಕ್ಟರು ಹೇಳಿಕೊಟ್ಟ ಲೆಕ್ಕ ಸುಲಭದ್ದು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾನು ಮಾತಾಡುತ್ತಿದ್ದೆ, ಏದುಸಿರಿನಲ್ಲಿ. ಮಾವ ಪಕ್ಕದಲ್ಲಿ ಆರಾಮಾಗಿ ಹಾಡುತ್ತಿದ್ದರು. ಅವರಿಗೆ ಇದು ಬಿರುಸು ಅಲ್ಲ ಅಂತಾಯಿತು.

ಕೆಂಪು ಕಟ್ಟಡದ ಅಠಾರ ಕಚೇರಿ, ಅಂದರೆ ಹೈಕೋರ್ಟ್, ಒಂದು ಸುತ್ತು. ಪಾರ್ಕ್ ಶುರುವಾದದ್ದು 1870ರಲ್ಲಿ. ರೂಪ ಕೊಟ್ಟವರು ರಿಚರ್ಡ್ ಸ್ಯಾಂಕಿ. ಈ ಹೆಸರು ಬುಧವಾರ ಮತ್ತೆ ಬರುತ್ತದೆ. ಪಕ್ಕದ ಕಂಠೀರವ ಸ್ಟೇಡಿಯಂ ಕಡೆಗೂ ಒಂದು ಹೆಜ್ಜೆ ಹಾಕಿದೆವು. ಅದೂ ಕೆರೆಯೇ. ಸಂಪಂಗಿ ಕೆರೆ. ಕರಗದ ಶಾಸ್ತ್ರಕ್ಕೆ ಅಂತ ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ಮೆಜೆಸ್ಟಿಕ್ ಒಂದು, ಇದು ಎರಡು ಅಂತ ಮಾವ ಬೆರಳು ಮಡಚಿದರು. ಮೂರನೆಯದಕ್ಕೆ ಮಡಚಲಿಲ್ಲ. "ಲೆಕ್ಕ ಹಾಕ್ತಾ ಹೋದ್ರೆ ಬೆರಳು ಸಾಲಲ್ಲ ಬಿಡು."

ರಾತ್ರಿ ಮೊಬೈಲ್ ನೋಡಿದರೆ 9,412 ಹೆಜ್ಜೆ. ಹತ್ತು ಸಾವಿರಕ್ಕೆ ಇಷ್ಟೇ ಬಾಕಿ ಅಂತ ಹಾಲ್‌ನಲ್ಲಿ ಸೋಫಾ ಸುತ್ತ ತಿರುಗತೊಡಗಿದೆ. ಮಾವ ಟಿವಿ ಸೌಂಡ್ ಕಡಿಮೆ ಮಾಡಿ ಸ್ವಲ್ಪ ಹೊತ್ತು ನೋಡಿದರು. "ಯಾರಿಗೆ ಲೆಕ್ಕ ಕೊಡ್ಬೇಕು ನೀನು? ವೇಬಿಲ್ ಟ್ಯಾಲಿ ಆಗ್ಬೇಕಾ?"

ಹತ್ತು ಸಾವಿರ ಅನ್ನುವುದನ್ನು ಯಾವ ಡಾಕ್ಟರೂ ಕಂಡುಹಿಡಿದದ್ದಲ್ಲ. 1965ರ ಹೊತ್ತಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಮಾನ್‌ಪೋ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆ ಮೀಟರು. ಯಂತ್ರ ಮಾರಲು ಇಟ್ಟ ಹೆಸರೇ ಲೋಕಕ್ಕೆಲ್ಲ ನಿಯಮವಾಯಿತು. ಇದು ನನಗೆ ಆಗಲೂ ಗೊತ್ತಿತ್ತು. ಆದರೂ ಸೋಫಾ ಸುತ್ತಿದೆ. 10,003ಕ್ಕೆ ನಿಲ್ಲಿಸಿದೆ.

ಎರಡನೇ ದಿನ, ಕಾರ್ತಿಕದ ಕೊನೆಯ ಸೋಮವಾರ

ಆರು ಗಂಟೆಗೆ ಲಾಲ್‌ಬಾಗ್. ಇನ್ನೂ ಕತ್ತಲು. ಚಳಿ ಅಂದರೆ ಬೆಂಗಳೂರಿನ ಚಳಿ, ಮಫ್ಲರ್ ಸುತ್ತಿಕೊಂಡವರೂ ಬನಿಯನ್‌ನಲ್ಲಿ ಓಡುವವರೂ ಒಂದೇ ದಾರಿಯಲ್ಲಿ. ಹೈದರ್ ಅಲಿ 1760ರಲ್ಲಿ ಶುರು ಮಾಡಿಸಿದ ತೋಟ, ಈಗ 240 ಎಕರೆ. ಬೆಳಗ್ಗೆ ವಾಕಿಂಗ್ ಬರುವವರಿಗೆ ಟಿಕೆಟ್ ಇಲ್ಲ. ಹಾಗಾಗಿ ಅರ್ಧ ದಕ್ಷಿಣ ಬೆಂಗಳೂರು ಅಲ್ಲೇ ಇರುತ್ತದೆ.

ಇಲ್ಲಿನ ನಡಿಗೆಯವರನ್ನು ನೋಡುವುದೇ ಒಂದು ಪ್ರವಾಸ. ಒಬ್ಬರು ಹಿಂದಕ್ಕೆ ನಡೆಯುತ್ತಿದ್ದರು, ಕತ್ತು ತಿರುಗಿಸಿ ತಿರುಗಿಸಿ. ಆರೇಳು ಜನ ವೃತ್ತದಲ್ಲಿ ನಿಂತು ಹೊಟ್ಟೆಯಿಂದ ನಗುತ್ತಿದ್ದರು. ಮೊದಲು ಸುಳ್ಳು ನಗು. ಆಮೇಲೆ ಒಬ್ಬರಿಗೆ ನಿಜವಾಗಿ ಬಂದು ಎಲ್ಲರಿಗೂ ಹತ್ತಿಕೊಂಡಿತು. ಮೂವರು ಹೆಂಗಸರು ನಮ್ಮ ಮುಂದೆ ಹೋಗುತ್ತಿದ್ದರು, ಮಧ್ಯದವರ ಸೊಸೆಯ ವಿಷಯ. ಅವರ ವೇಗ ಮಾತಿನ ಮೇಲೆ ನಿಂತಿತ್ತು. ಸೊಸೆ ತವರಿಗೆ ಹೋದ ಭಾಗ ಬಂದಾಗ ಮೂವರೂ ದಾರಿ ಮಧ್ಯೆ ನಿಂತೇಬಿಟ್ಟರು. ನಾವೂ ನಿಂತೆವು. ಕೇಳಬೇಕಿತ್ತಲ್ಲ.

ಬಂಡೆ ಹತ್ತಿದಾಗ ಬೆಳಕು ಹರಿಯುತ್ತಿತ್ತು. ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಭೂವಿಜ್ಞಾನದ ಸ್ಮಾರಕ ಅಂತ ಬೋರ್ಡ್ ಹಾಕಿದ್ದಾರೆ. ಅದರ ಮೇಲೆ ಒಬ್ಬ ಹುಡುಗ ಪುಶ್‌ಅಪ್ ಹೊಡೆಯುತ್ತಿದ್ದ. ಗೋಪುರ ನಾನು ನೆನಪಿಟ್ಟುಕೊಂಡದ್ದಕ್ಕಿಂತ ಚಿಕ್ಕದು. ಚಿಕ್ಕವಳಿದ್ದಾಗ ಇದು ಆಕಾಶಕ್ಕೆ ತಾಗುತ್ತಿತ್ತು. ಮಾವ ಗೋಡೆಗೆ ಕೈ ಇಟ್ಟು ಸುತ್ತ ನೋಡಿದರು. "ಇಲ್ಲಿಂದ ಬಸ್ ಕಾಣಲ್ಲ ನೋಡು. ಹಾರ್ನ್ ಮಾತ್ರ ಕೇಳುತ್ತೆ."

ಇಳಿದು, ಕೆರೆ ಬದಿಯಲ್ಲಿ ಒಂದು ಸುತ್ತು ಹಾಕಿ, ಪಶ್ಚಿಮದ ಗೇಟಿನಿಂದ ಹೊರಬಂದೆವು. ಅಲ್ಲಿಂದ ಬಸವನಗುಡಿ ಒಂದು ಸ್ಟೇಜ್ ಆಗುವುದಿಲ್ಲ. ಆದರೆ ದಾರಿಯಲ್ಲಿ ನನ್ನ ಮಂಡಿ ಏನೋ ಹೇಳತೊಡಗಿತು. ಸ್ಕೂಟರಿನಲ್ಲಿ ಇಪ್ಪತ್ತು ವರ್ಷ ಇದೇ ರಸ್ತೆಯಲ್ಲಿ ಓಡಾಡಿದ್ದೇನೆ, ಏರು ಅಂತ ಒಂದು ದಿನವೂ ಅನಿಸಿರಲಿಲ್ಲ. ನಡೆದರೆ ಏರು. ಸಣ್ಣಗೆ, ಬಿಡದೆ, ಏರು.

ಬೆಂಗಳೂರು ಕೂತಿರುವುದು ಒಂದು ದಿಬ್ಬದ ಬೆನ್ನಿನ ಮೇಲೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಬೆನ್ನಿನ ಈ ಕಡೆ ಬಿದ್ದ ಮಳೆ, ಲಾಲ್‌ಬಾಗ್ ಕಡೆಯದು, ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿ ಸೇರುತ್ತದೆ. ಆ ಕಡೆ ಬಿದ್ದದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಅಂದರೆ ನಾವು ಆ ಬೆಳಗ್ಗೆ ಒಂದು ನದಿಯ ಸೀಮೆಯಿಂದ ಇನ್ನೊಂದು ನದಿಯ ಸೀಮೆಗೆ ನಡೆದು ಹೋಗುತ್ತಿದ್ದೆವು. ಇದನ್ನು ಪುಸ್ತಕದಲ್ಲಿ ಓದಿದ್ದೆ. ನನ್ನ ಮಂಡಿ ಓದಿದ್ದು ಅವತ್ತೇ.

ಬ್ಯೂಗಲ್ ರಾಕ್ ಹತ್ತಿರ ಬಂದರೆ ರಸ್ತೆಯೇ ಇಲ್ಲ. ಬರೀ ಕಡಲೆಕಾಯಿ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಗೆ ಎರಡೂ ಬದಿ ರಾಶಿ ಸುರಿದಿದ್ದರು. ಹಸಿ, ಹುರಿದದ್ದು, ಬೇಯಿಸಿದ್ದು. ಎರಡು ಬೀಜದ್ದು, ಮೂರು ಬೀಜದ್ದು. ಕಥೆ ನಿಮಗೂ ಗೊತ್ತಿರುತ್ತದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯವರು ಬೆಳೆದ ಕಡಲೆಕಾಯಿಯನ್ನು ರಾತ್ರಿ ಒಂದು ಬಸವ ಬಂದು ತಿನ್ನುತ್ತಿತ್ತಂತೆ. ಮೊದಲ ಬೆಳೆ ನಿನಗೇ ಅಂತ ಹರಕೆ ಹೊತ್ತ ಮೇಲೆ ನಿಂತಿತಂತೆ. ವೃಷಭಾವತಿ ಹುಟ್ಟುವುದೂ ಅದೇ ಬಸವನ ಪಾದದಲ್ಲಿ ಅಂತ ಜನ ಹೇಳುತ್ತಾರೆ. ದಿಬ್ಬದ ತುದಿಯಲ್ಲಿ ನದಿ ಹುಟ್ಟಿಸಿದ್ದಾರೆ. ಕಥೆ ಕಟ್ಟಿದವರಿಗೂ ನೆಲದ ಏರಿಳಿತ ಚೆನ್ನಾಗಿ ಗೊತ್ತಿತ್ತು ಅನ್ನಿ.

ಪರಿಷೆಯ ದಿನ ಈ ರಸ್ತೆಗೆ ವಾಹನ ಬರುವುದಿಲ್ಲ. ಲಕ್ಷ ಜನ ಇದ್ದರೂ ಹಾರ್ನ್ ಇಲ್ಲ. ಫುಟ್‌ಪಾತ್ ಹತ್ತುವುದು ಇಳಿಯುವುದು ಇಲ್ಲ. ಅಜ್ಜಿಯರು ರಸ್ತೆ ಮಧ್ಯೆ ನಿಂತು ಚೌಕಾಸಿ ಮಾಡುತ್ತಿದ್ದರು. ಹೆಗಲ ಮೇಲೆ ಮಗು ಕೂರಿಸಿಕೊಂಡ ಅಪ್ಪಂದಿರು, ಪೀಪಿ ಊದುವ ಹುಡುಗರು, ಬತ್ತಾಸು, ಕಲ್ಯಾಣಸೇವೆ. ನಾನು ಕಂಡ ಬೆಂಗಳೂರಿನ ಅತಿ ಒಳ್ಳೆ ವಾಕಿಂಗ್ ಟ್ರ್ಯಾಕ್ ಇದೇ. ವರ್ಷಕ್ಕೆ ಕೆಲವೇ ದಿನ ಇರುತ್ತದೆ ಅನ್ನುವುದೊಂದು ಬೇಜಾರು.

ಮಾವ ಎರಡು ಸೇರು ಹುರಿದದ್ದು ತಗೊಂಡರು. ಕೊಟ್ಟಾಕೆ ಮಾಗಡಿ ಕಡೆಯವರು. ಸೇರಿನ ಮೇಲೆ ಗೋಪುರದ ಹಾಗೆ ತುಂಬಿಸಿ, ಮೇಲೊಂದು ಹಿಡಿ ಕೊಸರು ಹಾಕಿದರು. "ನೋಡು, ಐದನೇ ಗೋಪುರ" ಅಂದರು ಮಾವ. ಬಡವರ ಬಾದಾಮಿ ತಿನ್ನುತ್ತಾ, ಸಿಪ್ಪೆಯನ್ನು ಪ್ಯಾಂಟಿನ ಜೇಬಿಗೇ ಹಾಕಿಕೊಳ್ಳುತ್ತಾ ನಡೆದರು. ಟಿಕೆಟ್ ಚೂರು ಕೆಳಗೆ ಬೀಳಿಸದೆ 38 ವರ್ಷ ಕಳೆದ ಕೈ ಅದು.

ಗವಿಪುರದಲ್ಲಿ ಗಂಗಾಧರೇಶ್ವರನ ಗುಡಿಗೆ ಕೈ ಮುಗಿದೆವು. ಸಂಕ್ರಾಂತಿ ದಿನ ಸೂರ್ಯನ ಬೆಳಕು ನಂದಿಯ ಕೊಂಬಿನ ಮಧ್ಯದಿಂದ ಹಾದು ಲಿಂಗದ ಮೇಲೆ ಬೀಳುವ ಗವಿ ಅದು. ಅಲ್ಲಿಂದ ಇಳಿಜಾರು, ಕೆಂಪಾಂಬುಧಿ. ಗೋಪುರ ಕೆರೆಯ ಮೇಲಿನ ಒಂದು ಚಿಕ್ಕ ಪಾರ್ಕಿನಲ್ಲಿದೆ. ಪಾರ್ಕಿನಲ್ಲಿ ನಾವಿಬ್ಬರೇ. ಅಷ್ಟು ಹತ್ತಿರ ಅಷ್ಟು ಗದ್ದಲ, ಇಲ್ಲಿ ಒಂದು ಅಳಿಲು. ಲಾಲ್‌ಬಾಗಿನದಕ್ಕೆ ಬರುವ ಜನರಲ್ಲಿ ನೂರಕ್ಕೆ ಒಬ್ಬರೂ ಇಲ್ಲಿಗೆ ಬರಲಿಕ್ಕಿಲ್ಲ.

ಎತ್ತರದ ಮೇಲೆ ಗೋಪುರ, ಪಕ್ಕದ ತಗ್ಗಿನಲ್ಲಿ ಕೆರೆ. ಲಾಲ್‌ಬಾಗಿನಲ್ಲೂ ಹಾಗೇ ಇತ್ತಲ್ಲ ಅಂತ ಅಲ್ಲಿ ಕೂತಾಗ ಹೊಳೆಯಿತು.

ಅವತ್ತು ನಾಲ್ಕೂವರೆ ಸ್ಟೇಜ್. ಮೊಬೈಲ್ ನೋಡಲಿಲ್ಲ.

ಮೂರನೇ ದಿನ, ಮಂಗಳವಾರ

ಹಿಮ್ಮಡಿಯಲ್ಲಿ ಬೊಬ್ಬೆ. ಹೊಸ ಶೂ ಹಾಕಿಕೊಂಡು ಹೋಗಿದ್ದೆ, ಅದೂ ತೆಳು ಸಾಕ್ಸ್. "ಹೊಸ ಶೂನಲ್ಲಿ ಡಬಲ್ ಡ್ಯೂಟಿ ಮಾಡ್ಬಾರ್ದು" ಅಂತ ಮಾವ ಮೊದಲೇ ಹೇಳಿದ್ದರು. ಅವರ ಕಾಲಲ್ಲಿದ್ದದ್ದು ಆರು ವರ್ಷದ ಹಳೇ ಚಪ್ಪಲಿ.

ಬೊಬ್ಬೆ ಒಡೆಯಬಾರದು. ಮುಚ್ಚಿಟ್ಟು ಬಿಡಬೇಕು. ಅಷ್ಟೇ ಮಾಡಿದೆ. ಸಂಜೆ ಚಪ್ಪಲಿಯಲ್ಲಿ ಮನೆ ಪಕ್ಕದ ಪಾರ್ಕಿಗೆ ಕುಂಟಿಕೊಂಡು ಹೋದೆ. ಎಲ್ಲರೂ ಒಂದೇ ದಿಕ್ಕಿಗೆ ಸುತ್ತುತ್ತಿದ್ದರು. ಒಬ್ಬರು ಮಾತ್ರ ಎದುರು ದಿಕ್ಕು. ಪ್ರತಿ ಪಾರ್ಕಿನಲ್ಲೂ ಇಂಥವರೊಬ್ಬರು ಇರುತ್ತಾರೆ, ಅಲ್ವಾ? ಓಪನ್ ಜಿಮ್‌ನ ಸೈಕಲ್ ಮೇಲೆ ಇಬ್ಬರು ಹಿರಿಯರು ಕೂತು ಪೆಡಲ್ ಮುಟ್ಟದೆ ರಾಜಕೀಯ ಮಾತಾಡುತ್ತಿದ್ದರು. ಮಾವ ಹೋಗಿ ಸೇರಿಕೊಂಡರು. ಅರ್ಧ ಗಂಟೆಯಲ್ಲಿ ಅವರಲ್ಲೊಬ್ಬರು ಮಾವನ ಬಸ್ಸಿನಲ್ಲಿ ದಿನಾ ಓಡಾಡುತ್ತಿದ್ದರು ಅಂತ ಗೊತ್ತಾಯಿತು. "ನಂಗೆ ಎಂಟಾಣೆ ಚಿಲ್ಲರೆ ಕೊಡೋದಿತ್ತು ನೀವು" ಅಂದರಂತೆ. ಮಾವ ಕೊಡಲಿಲ್ಲ.

ನಾಲ್ಕನೇ ದಿನ, ಬುಧವಾರ

ಸಂಪಿಗೆ ರಸ್ತೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಮಲ್ಲೇಶ್ವರ. ಹಳೇ ಶೂ, ದಪ್ಪ ಸಾಕ್ಸ್, ಬೊಬ್ಬೆಗೆ ಪ್ಲಾಸ್ಟರ್.

ಮಲ್ಲೇಶ್ವರವನ್ನು ನಡೆಯಲಿಕ್ಕೇ ಮಾಡಿದ್ದು ಅನಿಸುತ್ತದೆ. 1898ರ ಪ್ಲೇಗ್ ಊರಿನ ಪೇಟೆಗಳನ್ನು ಹಿಂಡಿದ ಮೇಲೆ ಗಾಳಿ ಬೆಳಕಿರುವ ಬಡಾವಣೆ ಬೇಕು ಅಂತ ಇದನ್ನೂ ಬಸವನಗುಡಿಯನ್ನೂ ಬೆಳೆಸಿದರು. ನೇರ ರಸ್ತೆ, ನಂಬರಿನ ಕ್ರಾಸು. ಎಷ್ಟು ನಡೆದೆ ಅಂತ ಕೇಳಿದರೆ ಎಂಟನೇ ಕ್ರಾಸ್‌ನಿಂದ ಹದಿನೈದಕ್ಕೆ ಅಂದರೆ ಸಾಕು. ಮರಗಳು ಮೇಲೆ ಕೈ ಕೈ ಹಿಡಿದುಕೊಂಡಿವೆ. ಆಕಾಶಮಲ್ಲಿಗೆ ಹೂವು ರಾತ್ರಿಯೆಲ್ಲ ಉದುರಿ ಕಾರುಗಳ ಮೇಲೆ ಬಿಳಿ ಚಾಪೆ ಹಾಸಿತ್ತು.

ಸಿಟಿಆರ್‌ನಲ್ಲಿ ಬೆಣ್ಣೆ ದೋಸೆ ತಿಂದೆವು. ಡಾಕ್ಟರ ಚೀಟಿ ಮನೆಯಲ್ಲಿತ್ತು. ಒಂದು ಸಾಕು ಅಂದೆ ನಾನು. "ಎರಡು ತಿನ್ನು, ಎರಡು ಸ್ಟೇಜ್ ಜಾಸ್ತಿ ನಡಿ" ಅಂದರು ಮಾವ. ಲೆಕ್ಕ ಅಷ್ಟು ಸುಲಭವಾಗಿದ್ದಿದ್ದರೆ ಬೆಂಗಳೂರಿನಲ್ಲಿ ಯಾರಿಗೂ ಸಕ್ಕರೆ ಬರುತ್ತಿರಲಿಲ್ಲ. ಒಂದೇ ತಿಂದೆ. ಮಾವನದರಲ್ಲಿ ಒಂದು ತುಂಡು ಕಿತ್ತುಕೊಂಡೆ.

ಕಾಡು ಮಲ್ಲೇಶ್ವರ, ಎದುರಿನ ನಂದಿ ತೀರ್ಥ, ಅಲ್ಲಿಂದ ಸ್ಯಾಂಕಿ ಕೆರೆ. 1882ರಲ್ಲಿ ಊರಿನ ನೀರಿಗೆ ಅಂತ ಕಟ್ಟಿಸಿದವರು ಭಾನುವಾರದ ಅದೇ ರಿಚರ್ಡ್ ಸ್ಯಾಂಕಿ. ಈಗ ಯಾರೂ ಕುಡಿಯುವುದಿಲ್ಲ, ಎಲ್ಲರೂ ಸುತ್ತುತ್ತಾರೆ. ಸುತ್ತಲೂ ಒಳ್ಳೆ ನಡಿಗೆ ದಾರಿ ಇದೆ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಒಂದು ಸುತ್ತು ಮುಗಿಸಿ ಬೆಂಚಿನ ಮೇಲೆ ಕೂತಾಗ ಇವತ್ತು ಸಲೀಸು ಅನಿಸಿತು. ಅಂದುಕೊಳ್ಳಬಾರದಿತ್ತು.

ಅಲ್ಲಿಂದ ಮೇಖ್ರಿ ಸರ್ಕಲ್‌ಗೆ ಒಂದು ಸ್ಟೇಜ್ ಚಿಲ್ಲರೆ. ಅದರಲ್ಲಿ ಒಂದು ರಸ್ತೆಯ ಫುಟ್‌ಪಾತ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೊದಲು ಮೂವತ್ತು ಹೆಜ್ಜೆ ಚೆನ್ನಾಗಿತ್ತು. ಆಮೇಲೆ ಒಂದು ಗೇಟಿಗೆ ಇಳಿಯಿತು, ಮತ್ತೆ ಹತ್ತಿತು. ಟ್ರಾನ್ಸ್‌ಫಾರ್ಮರ್ ಬಂತು, ರಸ್ತೆಗಿಳಿದು ಹತ್ತಿದೆವು. ಮರಳಿನ ರಾಶಿ. ಎಳನೀರು ಗಾಡಿ. ಸಾಲಾಗಿ ನಿಲ್ಲಿಸಿದ ಬೈಕು. ಹಿಂದಿನಿಂದ ಒಬ್ಬ ಫುಟ್‌ಪಾತ್ ಮೇಲೆಯೇ ಸ್ಕೂಟರ್ ಓಡಿಸಿಕೊಂಡು ಬಂದು ನಮಗೇ ಹಾರ್ನ್ ಹೊಡೆದ. ಮಾವ ಅಡ್ಡ ನಿಂತರು. "ಟಿಕೆಟ್?" ಅಂತ ಕೈ ಚಾಚಿದರು. ಅವನಿಗೆ ಅರ್ಥವಾಗಲಿಲ್ಲ. ಆದರೆ ಕೆಳಗಿಳಿದ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. ನಡೆಯಲು ಏನೂ ಅಡ್ಡ ಇಲ್ಲದ 1.8 ಮೀಟರ್ ಅಗಲ ಬಿಡಬೇಕು. ಇಬ್ಬರು ಎದುರುಬದುರು ಬಂದರೆ ಹಾಯಾಗಿ ದಾಟುವಷ್ಟು. ಇಲ್ಲಿ ಮಾವ ಬಗ್ಗಿ ಗೇಣು ಹಾಕಿದರು. ಎರಡು ಗೇಣು ಎತ್ತರ. ಅಂದರೆ ಮೂರು ಪಟ್ಟು. "ಬಸ್ಸಿನ ಫುಟ್‌ಬೋರ್ಡ್ ಇದಕ್ಕಿಂತ ವಾಸಿ. ಅಲ್ಲಾದ್ರೆ ಹಿಡ್ಕೊಳ್ಳೋಕೆ ಕಂಬಿ ಇರುತ್ತೆ." ಮಂಡಿ ನೋವಿನ ಅಜ್ಜಿಯರು ಯಾಕೆ ರಸ್ತೆಯಲ್ಲೇ ನಡೆಯುತ್ತಾರೆ ಅಂತ ಅವತ್ತು ಸರಿಯಾಗಿ ಅರ್ಥವಾಯಿತು. ರಸ್ತೆಯಲ್ಲಿ ಜೀವಕ್ಕೆ ಭಯ ಇದೆ, ಮಂಡಿಗೆ ಇಲ್ಲ.

ಮೋರಿ ಮೇಲೆ ಹಾಸಿದ ಚಪ್ಪಡಿ ಕಲ್ಲೊಂದು ನನ್ನ ಕಾಲ ಕೆಳಗೆ ಏತದ ಹಾಗೆ ಎದ್ದಿತು. ಬಲಗಾಲು ಸಂದಿಗೆ ಹೋಯಿತು. ಮೊಣಕಾಲಿನ ಕೆಳಗೆ ತರಚಿತು, ಅಷ್ಟೇ. ಆದರೆ ಎದೆ ಬಹಳ ಹೊತ್ತು ಬಡಿದುಕೊಳ್ಳುತ್ತಿತ್ತು. ಮೆಡಿಕಲ್ ಶಾಪಿನ ಹುಡುಗ ಹತ್ತಿ, ಬ್ಯಾಂಡೇಡ್ ಕೊಡುತ್ತಾ, "ಈ ವಾರ ಮೂರನೇಯವರು ಮೇಡಂ ನೀವು" ಅಂದ. ಅವನಿಗೆ ಆ ಕಲ್ಲು ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಮಾವ ಹಿಂದಕ್ಕೆ ಹೋಗಿ, ಬಿದ್ದಿದ್ದ ಒಂದು ಮರದ ಕೊಂಬೆಯನ್ನು ಸಂದಿಯಲ್ಲಿ ನೆಟ್ಟು, ತುದಿಗೆ ಕಡಲೆಕಾಯಿಯ ಖಾಲಿ ಪ್ಲಾಸ್ಟಿಕ್ ಚೀಲ ಕಟ್ಟಿ ಬಂದರು.

ಮೇಖ್ರಿ ಸರ್ಕಲ್ ಅಂದರೆ ಬಳ್ಳಾರಿ ರಸ್ತೆ, ಅಂದರೆ ಏರ್‌ಪೋರ್ಟ್ ದಾರಿ. ಇಡೀ ಊರು ಫ್ಲೈಟ್ ಹಿಡಿಯಲು ಹೊರಟ ಹಾಗೆ ಗಾಡಿಗಳು. ರಸ್ತೆ ದಾಟಲು ನಾವು ನಿಂತ ಹೊತ್ತಿನಲ್ಲಿ ಒಂದು ಕಾಫಿ ಕುಡಿಯಬಹುದಿತ್ತು. ದಾಟಿ, ಪಾರ್ಕಿನೊಳಗೆ ಹೋಗಿ ಗೋಪುರದ ಕಟ್ಟೆ ಮೇಲೆ ಕೂತೆವು. ಸುತ್ತಲೂ ಇಷ್ಟು ವೇಗ, ನಡುವೆ ಇದೊಂದು ಕದಲದೆ ನಿಂತಿದೆ. ಇದನ್ನು ನೋಡಲು ಅಂತ ಬಂದವರು ಯಾರೂ ಇರಲಿಲ್ಲ. ಒಬ್ಬ ಡೆಲಿವರಿ ಹುಡುಗ ಬ್ಯಾಗ್ ತಲೆದಿಂಬು ಮಾಡಿಕೊಂಡು ನೆರಳಲ್ಲಿ ನಿದ್ದೆ ಹೋಗಿದ್ದ. ಕಾವಲು ಗೋಪುರಕ್ಕೆ ಇದೂ ಒಂದು ಒಳ್ಳೆ ಕೆಲಸವೇ.

ಐದನೇ ದಿನ, ಗುರುವಾರ

ಕೊನೆಯ ಗೋಪುರಕ್ಕೆ ಊರಿನ ಹೊಟ್ಟೆಯಿಂದಲೇ ಹೋಗೋಣ ಅಂದರು ಮಾವ. ಐದೂವರೆಗೆ ಕೆ.ಆರ್. ಮಾರ್ಕೆಟ್. ಸೇವಂತಿಗೆ, ಕನಕಾಂಬರ, ಸುಗಂಧರಾಜ ಗುಡ್ಡೆ ಗುಡ್ಡೆ. ಇಲ್ಲಿ ನಡೆಯುವುದೂ ಒಂದು ವ್ಯಾಯಾಮವೇ. ತಲೆ ಮೇಲೆ ಮೂಟೆ ಹೊತ್ತವರು "ಸೈಡು ಸೈಡು" ಅಂತ ಕೂಗುತ್ತಾ ಬರುತ್ತಾರೆ. ನಾವು ಗೋಡೆಗೆ ಅಂಟಿಕೊಳ್ಳಬೇಕು. ಜಿಮ್‌ಗೆ ದುಡ್ಡು ಕೊಟ್ಟು ಭಾರ ಎತ್ತುವ ನಮ್ಮಂಥವರ ಎದುರು, ಭಾರ ಎತ್ತಿ ದುಡ್ಡು ತಗೊಳ್ಳುವವರು. ನಾನು ಸ್ಮಾರ್ಟ್ ವಾಚನ್ನು ತೋಳಿನೊಳಗೆ ಎಳೆದುಕೊಂಡೆ.

ಅವೆನ್ಯೂ ರೋಡ್ ಹಿಡಿದೆವು. ಹಳೇ ಹೆಸರು ದೊಡ್ಡಪೇಟೆ. ಅದು ಚಿಕ್ಕಪೇಟೆ ರಸ್ತೆಯನ್ನು ಕೂಡುವ ಕಡೆಯಿಂದಲೇ ಊರು ಶುರುವಾದದ್ದು ಅನ್ನುತ್ತಾರೆ. ನಾಲ್ಕು ಜೊತೆ ಎತ್ತು ಹೂಡಿ, ನಾಲ್ಕು ದಿಕ್ಕಿಗೆ ಬಿಟ್ಟು, ನೇಗಿಲ ಗೆರೆಯೇ ಬೀದಿಯಾಯಿತು ಅಂತ. ಅಂಗಡಿ ಬಾಗಿಲು ಇನ್ನೂ ತೆಗೆದಿರಲಿಲ್ಲ. ಕೂಡುರಸ್ತೆಯ ಮಧ್ಯೆ ನಿಂತು ನಾಲ್ಕೂ ಕಡೆ ನೋಡಲು ಸಿಗುವುದು ಆ ಹೊತ್ತಿನಲ್ಲಿ ಮಾತ್ರ. ಇಲ್ಲಿ ಏರಿಲ್ಲ, ಇಳಿತವಿಲ್ಲ. ಉಳಲು ಹದವಾದ ನೆಲ. ಎತ್ತುಗಳಿಗೂ ಮಂಡಿ ಇರುತ್ತದಲ್ಲ.

ಮೈಸೂರು ಬ್ಯಾಂಕ್ ಸರ್ಕಲ್ ದಾಟಿ, ಕಬ್ಬನ್ ಪಾರ್ಕ್ ಒಳಗಿಂದ ಹಾದು, ಎಂ.ಜಿ. ರಸ್ತೆ. ಭಾನುವಾರ ಏದುಸಿರು ಬಿಟ್ಟ ಅದೇ ದಾರಿಯಲ್ಲಿ ಅವತ್ತು ನಾನೂ ಒಂದು ಸಾಲು ಹಾಡಿದೆ. "ಏನಮ್ಮ, ಸ್ಪೀಡ್ ಸಾಲದು ಅಂತ ಆಯ್ತಲ್ಲ" ಅಂತ ಮಾವ ಕಾಲು ಬೀಸಿದರು. ಎಂ.ಜಿ. ರಸ್ತೆಯ ಬಗ್ಗೆ ಏನೂ ಹೇಳುವುದಿಲ್ಲ. ಫುಟ್‌ಪಾತ್ ಅಗಲವಾಗಿದೆ, ಸುಮ್ನೆ ಹೋದೆವು.

ಟ್ರಿನಿಟಿ ದಾಟಿದ ಮೇಲೆ ಹಲಸೂರು. ಮೊದಲು ಸೋಮೇಶ್ವರನ ಗುಡಿ. ಆಮೇಲೆ ಕೆರೆ. ದೊಡ್ಡ ಕೆರೆ, ಮಧ್ಯೆ ಮಧ್ಯೆ ನಡುಗಡ್ಡೆ, ಅವುಗಳ ಮೇಲೆ ಮರ ತುಂಬ ಕೊಕ್ಕರೆ. ಒಂದು ಬದಿಯಲ್ಲಿ ಕೂತು ಎಳನೀರು ಕುಡಿದೆವು. ಗೋಪುರ ಎಲ್ಲಿ ಅಂತ ಎಳನೀರಿನವರನ್ನು ಕೇಳಿದರೆ, "ಯಾವ ಗೋಪುರ?" ಅಂದರು. ಇಪ್ಪತ್ತು ವರ್ಷದಿಂದ ಅಲ್ಲೇ ವ್ಯಾಪಾರವಂತೆ.

ಗೋಪುರ ಇರುವುದು ದಿಣ್ಣೆಯ ಮೇಲೆ, ಸೈನ್ಯಕ್ಕೆ ಸೇರಿದ ಜಾಗದಲ್ಲಿ. ಬೇಕೆಂದಾಗ ನುಗ್ಗಲು ಆಗುವುದಿಲ್ಲ. ಗೇಟಿನಲ್ಲಿದ್ದ ಸೈನಿಕರು ಮಾವನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಕೆಂಪೇಗೌಡರು, ನಾಲ್ಕು ದಿಕ್ಕು, 38 ವರ್ಷದ ಸರ್ವಿಸು, ಎಲ್ಲ. ಕೊನೆಗೆ ನಗುತ್ತಲೇ ತಲೆ ಅಲ್ಲಾಡಿಸಿದರು. ಮಾವನಿಗೆ ಬೇಸರವಾಗಲಿಲ್ಲ. "ಪಾಸ್ ಇಲ್ದೇ ಹತ್ತಿಸಬಾರ್ದು. ಅವರ ಡ್ಯೂಟಿ ಅವರು ಮಾಡ್ತಿದಾರೆ."

ರಸ್ತೆಯ ಈ ಬದಿಗೆ ಬಂದು, ಹಿಂದೆ ಮುಂದೆ ಓಡಾಡಿ, ಮರಗಳ ಸಂದಿಯಿಂದ ಹುಡುಕಿದೆವು. ಒಂದು ಕಡೆ ನಿಂತರೆ ತುದಿ ಕಂಡ ಹಾಗಾಯಿತು. ಅದೇ ಅಂದರು ಮಾವ. ನೀರಿನ ಟ್ಯಾಂಕ್ ಇರಬಹುದು ಅಂದೆ ನಾನು. ಇಬ್ಬರೂ ಒಂದಷ್ಟು ಹೊತ್ತು ವಾದ ಮಾಡಿದೆವು. ಹಿಂದೆ ಕೆರೆ ಇತ್ತು, ಮುಂದೆ ಏರು ಇತ್ತು. ಅಷ್ಟರ ಮೇಲೆ ಅದನ್ನು ಗೋಪುರ ಅಂತಲೇ ಬರೆದುಕೊಂಡೆ.

ಮನೆಗೆ ಬಸ್ಸು. ಶಾಂತಿನಗರದ ಕಡೆ ಹೋಗುವುದು ಸಿಕ್ಕಿತು. ನನಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಮಾವ ದುಡ್ಡು ಕೊಟ್ಟು, ಟಿಕೆಟನ್ನು ಎರಡು ಸಲ ತಿರುಗಿಸಿ ನೋಡಿ, ಸ್ಟೇಜ್ ಸರಿ ಇದೆ ಅಂದರು. ಸೀಟು ಖಾಲಿ ಇದ್ದರೂ ಕೂರಲಿಲ್ಲ. ಮುಂದಿನ ಬಾಗಿಲ ಹತ್ತಿರದ ಕಂಬಿಗೆ ಸೊಂಟ ಆನಿಸಿ ನಿಂತರು. ಕೈ ಬಿಟ್ಟು. ಬ್ರೇಕ್ ಹಾಕಿದಾಗೆಲ್ಲ ನಾನು ಮುಗ್ಗರಿಸಿದೆ, ಅವರು ಹಾಗೇ ನಿಂತಿದ್ದರು. ಮಂಡಿಯ ಗುಟ್ಟು ಅಲ್ಲಿತ್ತು ಅನಿಸುತ್ತದೆ.

ರಿಚ್‌ಮಂಡ್ ಸರ್ಕಲ್‌ಗೆ ಮುಂಚೆಯೇ ಬಸ್ಸು ನಿಂತುಬಿಟ್ಟಿತು. ಐದು ನಿಮಿಷ. ಹತ್ತು ನಿಮಿಷ. ಕಿಟಕಿಯಿಂದ ನೋಡುತ್ತಿದ್ದೆವು. ಫುಟ್‌ಪಾತ್ ಮೇಲೆ ತರಕಾರಿ ಚೀಲ ಹಿಡಿದ ಒಬ್ಬ ಅಜ್ಜಿ ನಮ್ಮ ಬಸ್ಸನ್ನು ದಾಟಿ ಹೋದರು. ಬಸ್ಸು ನಾಲ್ಕು ಮಾರು ಚಲಿಸಿ ಅವರನ್ನು ಹಿಡಿಯಿತು. ಮತ್ತೆ ಅವರೇ ದಾಟಿದರು.

ಮಾವ ನನ್ನ ಕಾಲು ನೋಡಿದರು. "ಬೊಬ್ಬೆ ಹೇಗಿದೆ?"

"ಪರವಾಗಿಲ್ಲ ಮಾವ."

"ಹೋಲ್ಡಾನ್!"

ಅಷ್ಟು ಗಟ್ಟಿಯಾಗಿ, ಅಷ್ಟು ಸರಿಯಾದ ರಾಗದಲ್ಲಿ ಕೂಗಿದರು ಅಂದರೆ, ಡ್ರೈವರ್ ತಿರುಗಿ ನೋಡದೆ ಬಾಗಿಲು ತೆಗೆದರು. ಹಿಂದೆ ಟಿಕೆಟ್ ಕೊಡುತ್ತಿದ್ದ ನಿಜವಾದ ಕಂಡಕ್ಟರ್ ತಲೆ ಎತ್ತಿ ಯಾರಿದು ಅಂತ ಹುಡುಕುವುದರೊಳಗೆ ನಾವು ಇಳಿದಿದ್ದೆವು. ಅಜ್ಜಿ ಆಗಲೇ ಮುಂದಿನ ತಿರುವಿನಲ್ಲಿದ್ದರು. ಮನೆಗೆ ಇನ್ನೂ ಎರಡು ಸ್ಟೇಜ್ ಇತ್ತು.